ಹಳದಿ ಗೆರೆಯ ಆಚೆ

"ಹೊರಗೆ! ಹೊರಗೆ! ಮೊದಲು ಹೊರಗೆ ನಡೀರಿ!"

ಒಂದು ಪ್ರೇಮ ಇಂಥ ಮಾತಿನಿಂದ ಶುರುವಾಯಿತೆಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ನಡೆದದ್ದು ಹೀಗೆಯೇ. ಹಳೆಯ ಐಸ್ ಫ್ಯಾಕ್ಟರಿಯ ಬಾಗಿಲು ದಾಟಿ ಎತ್ತರದ ಮನುಷ್ಯನೊಬ್ಬ ಒಳಗೆ ಎರಡು ಹೆಜ್ಜೆ ಇಟ್ಟಿದ್ದನಷ್ಟೆ. ತಲೆಯಿಂದ ಕಾಲಿನವರೆಗೆ ಬಿಳಿ ಧೂಳು. ಒಳಗಿನಿಂದ ಗಂಬೂಟು ತೊಟ್ಟವಳೊಬ್ಬಳು ನೆಲದ ನೀರು ತಳ್ಳುವ ಕೋಲು ಹಿಡಿದು ಓಡಿ ಬಂದು, ಅವನನ್ನೂ ನೀರಿನ ಹಾಗೆಯೇ ಹೊರಗೆ ತಳ್ಳಿದಳು.

"ನಾನು ಕಳ್ಳ ಅಲ್ಲ ರೀ!" ಅವನು ಎರಡೂ ಕೈ ಮೇಲೆತ್ತಿ ಬೀದಿಯಲ್ಲಿ ನಿಂತ. "ಅಣಬೆ ಬೆಳೀತೀನಿ. ಮೂರು ಬೀದಿ ಆಚೆ, ಮುಚ್ಚಿರೋ ಪ್ರೆಸ್ಸಿನ ನೆಲಮಾಳಿಗೆಯಲ್ಲಿ. ನಿಮ್ಮಲ್ಲಿ ಬಾರ್ಲಿ ಚರಟ ಸಿಗುತ್ತೆ ಅಂದ್ರು, ಕೇಳೋಣ ಅಂತ ಬಂದೆ."

"ಕಳ್ಳ ಬಂದಿದ್ರೆ ಪರವಾಗಿರಲಿಲ್ಲ, ನಾಲ್ಕು ಬಾಟಲಿ ಎತ್ತಿಕೊಂಡು ಹೋಗ್ತಿದ್ದ. ನಿಮ್ಮ ಮೈಮೇಲಿರೋ ಅಣಬೆ ಧೂಳು ನನ್ನ ಟ್ಯಾಂಕಿಗೆ ಬಿದ್ರೆ ಅಷ್ಟೂ ಬಿಯರ್ ಹಾಳು!"

ಅವನು ತನ್ನ ಅಂಗಿಯನ್ನೊಮ್ಮೆ ನೋಡಿಕೊಂಡ. ಆಮೇಲೆ ಅವಳನ್ನು ನೋಡಿದ. ಹಬೆಗೆ ಕೆಂಪೇರಿದ ಕೆನ್ನೆ, ಹಣೆಗೆ ಅಂಟಿದ ಕೂದಲು, ಕೋಲನ್ನು ಕತ್ತಿಯಂತೆ ಹಿಡಿದ ಕೈ. ನಗು ತಡೆಯಲು ಅವನು ಪಟ್ಟ ಪಾಡು ಅವಳಿಗೆ ಕಾಣಿಸಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಬೀದಿಯವರು ಅವಳನ್ನು ಕರೆಯುತ್ತಿದ್ದುದು ಬ್ರೂವರಮ್ಮ ಎಂದು. ಆಗಲೇ ಮೂವತ್ತು ದಾಟಿತ್ತು. ಕೋಪವೆಂಬುದು ಸದಾ ಮೂಗಿನ ತುದಿಯಲ್ಲಿ. ಆ ದಪ್ಪ ಗೋಡೆಯ ಐಸ್ ಫ್ಯಾಕ್ಟರಿಯಲ್ಲಿ ಬಿಯರ್ ತಯಾರಿಸುವ ಅವಳದೊಂದು ಪುಟ್ಟ ಬ್ರೂವರಿ, ಯಾವುದನ್ನೂ ಬಿಸಾಡಬಾರದೆಂಬುದು ಅವಳ ಹಟ. ಬಾರ್ಲಿ ಕುದಿಸಿದ ಬಿಸಿಯಲ್ಲೇ ಬಾಟಲಿ ತೊಳೆಯುವ ನೀರು ಕಾಯಬೇಕು. ತೊಳೆದ ನೀರು ಹಿತ್ತಲ ಹಾಪ್ಸ್ ಬಳ್ಳಿಗೆ ಹರಿಯಬೇಕು. ಆ ಬಳ್ಳಿಯ ಹೂವೇ ಬಿಯರಿಗೆ ಕಹಿ ಕೊಡುವುದು. ಖಾಲಿ ಬಾಟಲಿ ಗಿರಾಕಿಯ ಕೈಯಿಂದ ತಿರುಗಿ ಬರಬೇಕು. ರಸ ತೆಗೆದ ಮೇಲೆ ಉಳಿಯುವ ಬಾರ್ಲಿಯ ಚರಟಕ್ಕೆ ಮಾತ್ರ ದಾರಿ ಕಂಡಿರಲಿಲ್ಲ. ಅದು ಹಿತ್ತಲಲ್ಲಿ ಬಿದ್ದು ನಾರುತ್ತಿತ್ತು.

"ಮನೆ ಬಾಗಿಲಿಗೆ ಬಂದವನನ್ನ ಹೀಗಾ ಓಡ್ಸೋದು?" ಬಾಟಲಿ ತೊಳೆಯುತ್ತಿದ್ದ ಚಿಕ್ಕಮ್ಮ ಸೊಂಟಕ್ಕೆ ಕೈ ಕೊಟ್ಟು ಎದ್ದು ಬಂದಳು. ಬ್ರೂವರಿಯ ಸಿಬ್ಬಂದಿ ಎಂದರೆ ಈ ಚಿಕ್ಕಮ್ಮನೇ, ಬೇರೆ ಯಾರೂ ಇಲ್ಲ. "ನಾಳೆ ಬಾಪ್ಪಾ. ಚರಟ ಎಷ್ಟು ಬೇಕಾದ್ರೂ ಹೊತ್ಕೊಂಡು ಹೋಗು. ಇವಳ ಮಾತು ಕಿವಿ ಮೇಲೆ ಹಾಕ್ಕೋಬೇಡ."

ಮಾರನೆಯ ದಿನ ಅವನು ಬರುವಷ್ಟರಲ್ಲಿ ಬಾಗಿಲಿನಿಂದ ಒಂದು ಮಾರು ಒಳಗೆ, ನೆಲದ ಮೇಲೆ ಹಳದಿ ಬಣ್ಣದ ದಪ್ಪ ಗೆರೆ ಬಿದ್ದಿತ್ತು. ಬಣ್ಣ ಇನ್ನೂ ಹಸಿ.

"ಇದೇನು, ಗಡಿನಾ?" ಎಂದ.

"ಹೌದು. ನೀವು ಆಚೆ, ನಾನು ಈಚೆ."

"ಪಾಸ್‌ಪೋರ್ಟ್ ಇದ್ರೆ?"

"ಇದ್ರೂ ಇಲ್ಲ."

ಹೀಗೆ ಶುರುವಾಯಿತು. ಬ್ರೂ ಮಾಡುವ ದಿನವೆಲ್ಲ ಸಂಜೆಗೆ ಮುಂಚೆ ಅವನು ಬರುತ್ತಿದ್ದ. ಅವಳು ಚರಟದ ಡ್ರಮ್ಮನ್ನು ಗಾಲಿಯ ಮೇಲಿಟ್ಟು ಗೆರೆಯವರೆಗೆ ತಳ್ಳುವಳು, ಅವನು ಅಲ್ಲಿಂದ ಎಳೆದುಕೊಳ್ಳುವನು. ಅಣಬೆ ಬೆಳೆದು ಮುಗಿದ ಮೇಲೆ ಅದೇ ಚರಟ ಕಪ್ಪು ಗೊಬ್ಬರವಾಗಿ ಹಿತ್ತಲ ಬಾಗಿಲಿಗೆ ತಿರುಗಿ ಬಂದು ಹಾಪ್ಸ್ ಬಳ್ಳಿಯ ಬುಡ ಸೇರುತ್ತಿತ್ತು. ಬಳ್ಳಿ ಗೋಡೆ ಹತ್ತಿ ಸೂರು ಮುಟ್ಟಿತು. ಚಿಕ್ಕಮ್ಮ ಅದನ್ನು ನೋಡಿ, "ಬಳ್ಳಿಗಿರೋ ಬುದ್ಧಿ ಮನುಷ್ಯರಿಗಿಲ್ಲ," ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿ ಒಳಗೆ ಹೋಗುವಳು.

ಒಂದು ದಿನ ಖಾಲಿ ಡ್ರಮ್ಮಿನ ಮುಚ್ಚಳದ ಮೇಲೆ ಕಾಗದದ ಪೊಟ್ಟಣ ಬಂತು. ಬಿಚ್ಚಿದರೆ ಬೂದುಬಣ್ಣದ ಅಣಬೆ, ಇನ್ನೂ ತಂಪು ಆರದ್ದು. ಸುಮ್ಮನೆ ತೆಗೆದುಕೊಳ್ಳುವ ಜಾತಿಯವಳಲ್ಲ ಅವಳು. ಒಂದು ಬಾಟಲಿ ಬಿಯರನ್ನು ಗೆರೆಯ ಆಚೆಗೆ ಉರುಳಿಸಿದಳು.

"ಬಾಟಲಿ ವಾಪಸ್ ಕೊಡ್ಬೇಕು."

"ಕೊಡದೆ ಇರ್ತೀನಾ? ಅದೇ ನೆಪದಲ್ಲಿ ನಾಳೆ ಬರ್ತೀನಿ."

"ನಾಳೆ ಬ್ರೂ ಇಲ್ಲ. ಚರಟ ಇರಲ್ಲ."

"ಚರಟಕ್ಕೆ ಅಂತ ಯಾರು ಹೇಳಿದ್ರು?"

ಅವಳು ಪೈಪು ಸುತ್ತುವವಳಂತೆ ತಿರುಗಿಕೊಂಡಳು. ಪೈಪು ಆಗಲೇ ಸುತ್ತಿಟ್ಟಿತ್ತು. ಅದನ್ನು ಬಿಚ್ಚಿ ಮತ್ತೆ ಸುತ್ತಿದಳು.

ಅವನಿಗೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ, ನಗುವ ಮುಂಚೆ ಕೆಳತುಟಿ ಕಚ್ಚುತ್ತಾನೆ, ಇಂಥವನ್ನೆಲ್ಲ ಅವಳು ಗೆರೆಯ ಈಚೆ ನಿಂತೇ ಕಲಿತಳು. ಹತ್ತಿರದಿಂದ ಅವನ ಮೈಗೆ ಯಾವ ವಾಸನೆ ಎಂಬುದು ಮಾತ್ರ ತಿಳಿದಿರಲಿಲ್ಲ. ವಾಸನೆಯ ಮೇಲೇ ಬದುಕುವ ಕಸುಬು ಅವಳದು. ಮೂಗಿಟ್ಟರೆ ಯಾವ ಟ್ಯಾಂಕು ಎಲ್ಲಿಗೆ ಬಂತೆಂದು ಹೇಳಬಲ್ಲವಳು. ಈ ಒಂದು ವಾಸನೆ ತಿಳಿಯದ್ದು ಅವಳನ್ನು ಕಾಡುತ್ತಿತ್ತು, ಅದನ್ನು ತನಗೆ ತಾನೇ ಒಪ್ಪಿಕೊಳ್ಳಲು ಅವಳು ಸಿದ್ಧಳಿರಲಿಲ್ಲ.

ಚಿಕ್ಕಮ್ಮ ತಂಗಿಯ ಮನೆಗೆಂದು ಊರಿಗೆ ಹೋಗಿದ್ದ ಸಮಯದಲ್ಲಿ ಅದು ನಡೆಯಿತು. ಅವಳೊಬ್ಬಳೇ ಬ್ರೂ ಮಾಡಿದ್ದಳು. ಸಂಜೆ ಹಿತ್ತಲಿಂದ ಒಳಗೆ ಬಂದಾಗ ಹಳದಿ ಗೆರೆ ದಾಟಿ ಸುಣ್ಣದ ಹೆಜ್ಜೆಗಳು ಬಿದ್ದಿದ್ದವು. ಅಣಬೆಗೆ ಹಾಸುವ ಹುಲ್ಲನ್ನು ಅವನು ಸುಣ್ಣದ ನೀರಿನಲ್ಲಿ ನೆನೆಸುತ್ತಿದ್ದ. ಅವನ ಬೂಟಿಗೆ ಸದಾ ಸುಣ್ಣ. ಹೆಜ್ಜೆಯನ್ನೆಲ್ಲ ತಿಕ್ಕಿ ತಿಕ್ಕಿ ಒರೆಸಿದಳು.

ವಾರ ಕಳೆದು ಆ ಟ್ಯಾಂಕಿನ ಮುಚ್ಚಳ ತೆಗೆದಾಗ ಮೂಗಿಗೆ ಬಡಿದದ್ದು ಹುಳಿತ ಹಾಲಿನ ನಾತ. ಒಂದಿಡೀ ಟ್ಯಾಂಕು ಮೋರಿಯ ಪಾಲು. ಆ ಸುಣ್ಣದ ಹೆಜ್ಜೆ ಬಿಟ್ಟು ಅವಳಿಗೆ ಬೇರೆ ಯೋಚನೆಯೇ ಹೊಳೆಯಲಿಲ್ಲ.

ಅವನು ಡ್ರಮ್ಮಿಗೆಂದು ಬಂದಾಗ ಗೆರೆಯ ಹತ್ತಿರವೇ ಕಾದು ನಿಂತಿದ್ದಳು.

"ಹೋದ ಸಲ ನೀವು ಒಳಗೆ ಬಂದಿದ್ರಾ?"

ಅವನ ಮುಖದ ನಗು ಅರ್ಧಕ್ಕೇ ನಿಂತಿತು. "ಹೌದು, ಬಂದಿದ್ದೆ. ಅವತ್ತು..."

"ಸಾಕು! ಇಷ್ಟು ದಿನ ಒಂದೇ ಒಂದು ಮಾತು ಕೇಳಿದ್ದೆ ನಿಮ್ಮನ್ನ. ಒಂದು ಗೆರೆ ದಾಟಬೇಡಿ ಅಂತ. ಅಷ್ಟೂ ಆಗಲಿಲ್ಲ ನಿಮ್ಮ ಕೈಲಿ. ಇನ್ಮೇಲೆ ಈ ಕಡೆ ಬರಬೇಡಿ."

ಅವನು ಜೋಳಿಗೆಯಿಂದ ಖಾಲಿ ಬಾಟಲಿ ತೆಗೆದು, ಬಗ್ಗಿ, ಗೆರೆಗೆ ಸರಿಯಾಗಿ ನಿಲ್ಲಿಸಿ ಹೊರಟುಹೋದ. ತೊಳೆದ ಬಾಟಲಿ. ಬೆಳಕಿಗೆ ಫಳಫಳ ಎನ್ನುತ್ತಿತ್ತು.

ಅವನು ಮತ್ತೆ ಬರಲಿಲ್ಲ. ಹಿತ್ತಲಲ್ಲಿ ಚರಟ ನಾರತೊಡಗಿತು, ನೊಣ ಮುತ್ತಿತು. ಬಾಗಿಲಲ್ಲಿ ನೆರಳಾಡಿದರೆ ಸಾಕು, ಅವಳು ಕೈಲಿದ್ದುದನ್ನು ಬಿಟ್ಟು ತಿರುಗಿ ನೋಡುವಳು. ಬಂದದ್ದು ಗಿರಾಕಿಯಾದರೆ ಪಾಪ, ಅವನ ಮೇಲೆ ಹರಿಹಾಯುವಳು.

ಊರಿನಿಂದ ತಿರುಗಿ ಬಂದ ಚಿಕ್ಕಮ್ಮ ಎಲ್ಲ ಕೇಳಿದಳು. ಮರುದಿನ ಪೇಟೆಯಿಂದ ಬಂದವಳು ಚೀಲ ಕೆಳಗಿಡುತ್ತ, "ಅಣಬೆಯವನು ಅಂಗಡಿ ಎತ್ತುತ್ತಿದ್ದಾನಂತೆ," ಎಂದಳು. "ಬೇರೆ ಊರಲ್ಲಿ ಯಾವುದೋ ಮಿಲ್ಲಿನವರು ಹೊಟ್ಟು ಕೊಡ್ತಾರಂತೆ, ಜಾಗಾನೂ ಕೊಡ್ತಾರಂತೆ. ಈ ಭಾನುವಾರ ಗಾಡಿ ಬರುತ್ತೆ."

"ಹೋಗ್ಲಿ ಬಿಡು," ಎಂದು ಅವಳ ಬಾಯಿ ಹೇಳಿತು.

ಕೈಗೆ ಕೆಲಸವಿಲ್ಲದಿದ್ದರೆ ಅಳು ಬರುತ್ತದೆಂದು ಅವಳು ಕೆಟ್ಟ ಟ್ಯಾಂಕನ್ನು ಬಿಚ್ಚತೊಡಗಿದಳು. ಕೆಳಗಿನ ನಲ್ಲಿ ಕಳಚಿದಾಗ ಅದರೊಳಗಿನ ರಬ್ಬರ್ ವಾಷರ್ ಅಂಗೈಗೆ ಬಿತ್ತು. ಎಂದೋ ಬದಲಿಸಬೇಕಿದ್ದುದು. "ಇನ್ನೂ ಗಟ್ಟಿಯಾಗಿದೆ, ಯಾಕೆ ಬಿಸಾಡಬೇಕು" ಎಂದು ಪ್ರತಿ ಸಲವೂ ಕುದಿಸಿ ಹಾಕುತ್ತಿದ್ದವಳು ಅವಳೇ. ಬೆರಳಿನಿಂದ ಬಗ್ಗಿಸಿದಳು. ಉದ್ದಕ್ಕೆ ಒಂದು ಬಿರುಕು ಬಾಯಿ ತೆರೆಯಿತು. ಒಳಗೆ ಲೋಳೆ. ಮೂಗಿನ ಹತ್ತಿರ ಹಿಡಿದಳು.

ಅದೇ ನಾತ. ಹುಳಿತ ಹಾಲಿನ ನಾತ.

ಅವಳಿಗೆ ಸುಣ್ಣದ ಹೆಜ್ಜೆಗಳು ಈಗ ಕಣ್ಣಿಗೆ ಕಟ್ಟಿದಂತೆ ಕಂಡವು. ಅವು ಬಲಗಡೆಯ ಟ್ಯಾಂಕಿನ ಕಡೆ ಹೋಗಿರಲೇ ಇಲ್ಲ. ಗೆರೆಯಿಂದ ನೆಟ್ಟಗೆ ಎಡಗೋಡೆಯ ನೀರಿನ ನಲ್ಲಿಯವರೆಗೆ ಹೋಗಿ, ಅಲ್ಲಿಂದ ನೆಟ್ಟಗೆ ಹಿಂದಕ್ಕೆ ಬಂದಿದ್ದವು. ಅಂದು ನೆಲವೆಲ್ಲ ಒದ್ದೆಯಾಗಿತ್ತು. ಪೈಪಿಗೆ ನೀರು ಬಿಟ್ಟು ಮರೆತು ಹಿತ್ತಲಿಗೆ ಹೋಗಿದ್ದಳು. ತಿರುಗಿ ಬಂದಾಗ ನಲ್ಲಿ ನಿಂತಿತ್ತು, ತಾನೇ ನಿಲ್ಲಿಸಿರಬೇಕೆಂದು ಅಂದುಕೊಂಡಿದ್ದಳು.

"ಚಿಕ್ಕಮ್ಮಾ," ಎಂದಳು. ವಾಷರನ್ನು ಮುಂದೆ ಹಿಡಿದಳು.

ಚಿಕ್ಕಮ್ಮ ಅದನ್ನು ತಿರುಗಿಸಿ ನೋಡಿದಳು, ಮೂಸಿದಳು, ಮುಖ ಕಿವುಚಿದಳು. "ಬಿಸಾಡಬೇಕಾದ್ದನ್ನ ಜೋಪಾನ ಮಾಡಿದೆ. ಜೋಪಾನ ಮಾಡಬೇಕಾದವನನ್ನ ಬಿಸಾಡಿದೆ. ಬಲು ಜಾಣೆ ಕಣೇ ನೀನು."

ಭಾನುವಾರ ಬ್ರೂ ಮಾಡುವ ದಿನ. ಬ್ರೂವರಿ ತೆರೆದಾಗಿನಿಂದ ಅವಳು ಒಂದು ಬ್ರೂ ದಿನವನ್ನೂ ತಪ್ಪಿಸಿದವಳಲ್ಲ. ಜ್ವರದಲ್ಲೂ ಹಂಡೆಯ ಮುಂದೆ ನಿಂತಿದ್ದವಳು. ಅಂದು ಬೆಳಿಗ್ಗೆ ಗಂಬೂಟು ಬಿಚ್ಚಿಟ್ಟು ಚಪ್ಪಲಿ ಮೆಟ್ಟಿಕೊಂಡದ್ದು ನೋಡಿ ಚಿಕ್ಕಮ್ಮ ಕೇಳಿದಳು:

"ಬಾರ್ಲಿ ಬಿಸಿನೀರಿಗೆ ಹಾಕಲ್ವಾ?"

"ಇವತ್ತಿಲ್ಲ."

"ಅಲ್ಲಿಗೆ ಹೋದ್ರೆ ಆ ಧೂಳೆಲ್ಲಾ ಮೈಗೆ ಹತ್ತುತ್ತೆ. ಇವತ್ತು ಮತ್ತೆ ಒಳಗೆ ಕಾಲಿಡೋ ಹಾಗಿಲ್ಲ, ಗೊತ್ತಲ್ಲ?"

"ಗೊತ್ತು."

ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಮೂರು ಬೀದಿ ದಾಟುವಷ್ಟರಲ್ಲಿ ಹೇಳಬೇಕಾದ ಮಾತುಗಳನ್ನೆಲ್ಲ ಅವಳು ಬಾಯಿಪಾಠ ಮಾಡಿದ್ದಳು. ಪ್ರೆಸ್ಸಿನ ಮುಂದೆ ಗಾಡಿ ನಿಂತಿತ್ತು, ಅರ್ಧ ತುಂಬಿತ್ತು. ನೆಲಮಾಳಿಗೆಯ ಮೆಟ್ಟಿಲು ಇಳಿದು ಬಾಗಿಲಲ್ಲಿ ನಿಂತದ್ದೇ ತಡ, ಒಂದು ಮಾತೂ ನೆನಪಾಗಲಿಲ್ಲ. ಒಳಗೆ ಅವನು ಕಬ್ಬಿಣದ ಸ್ಟ್ಯಾಂಡು ಬಿಚ್ಚುತ್ತಿದ್ದ. ತಿರುಗಿ ನೋಡಿದವನು ಕೈಲಿದ್ದ ಸ್ಪ್ಯಾನರನ್ನು ಕಾಲ ಮೇಲೆ ಬೀಳಿಸಿಕೊಂಡ.

"ಅಯ್ಯೋ! ನೋವಾಯ್ತಾ?"

"ಇಲ್ಲ... ಆಯ್ತು." ಅವನು ಕುಂಟುತ್ತ ಬಾಗಿಲಿಗೆ ಬಂದ. ನಗಲಿಲ್ಲ. "ಏನು, ಇಲ್ಲಿವರೆಗೂ?"

ಅವಳು ಅಂಗೈ ಬಿಚ್ಚಿ ವಾಷರ್ ತೋರಿಸಿದಳು. "ಇದ್ರಿಂದ ಕೆಟ್ಟಿದ್ದು. ನಿಮ್ಮಿಂದ ಅಲ್ಲ. ನೀವು ನಲ್ಲಿ ನಿಲ್ಸೋಕೆ ಬಂದಿದ್ರಿ. ಯಾಕೆ ಹೇಳಲಿಲ್ಲ?"

"ಬಂದ್ರಾ ಅಂತ ಕೇಳಿದ್ರಿ. ಯಾಕೆ ಬಂದ್ರಿ ಅಂತ ಕೇಳಲಿಲ್ಲ."

"ತಪ್ಪಾಯ್ತು ನನ್ನಿಂದ," ಎಂದಳು. "ಹೋಗಬೇಡಿ."

"ಚರಟ ನಾರ್ತಿದೆಯಾ?"

"ನಾರ್ತಿದೆ. ಆದ್ರೆ ಚರಟಕ್ಕೆ ಅಂತ ಯಾರು ಹೇಳಿದ್ರು?"

ತನ್ನದೇ ಮಾತು ತಿರುಗಿ ಬಂದದ್ದು ಅವನಿಗೆ ತಿಳಿಯಿತು. ಕೆಳತುಟಿ ಕಚ್ಚಿಕೊಂಡ. ಅವಳಿಗೆ ಹೋದ ಜೀವ ಬಂದಂತಾಯಿತು.

"ಒಳಗೆ ಬಂದ್ರೆ ಇವತ್ತು ಬ್ರೂವರಿಗೆ ಹೋಗೋ ಹಾಗಿಲ್ಲ ನೀವು. ನಿಮ್ಮದೇ ಕಾನೂನು."

"ಗೊತ್ತಿದ್ದೇ ಬಂದೆ."

"ಇವತ್ತು ಭಾನುವಾರ. ಬ್ರೂ ದಿನ."

"ಅದೂ ಗೊತ್ತು ರೀ!"

ಒಂದು ಬ್ರೂ ದಿನ ಬಿಡುವುದೆಂದರೆ ಅವಳಿಗೆ ಏನೆಂದು ಅವನಷ್ಟು ಬಲ್ಲವರು ಯಾರೂ ಇರಲಿಲ್ಲ. ಅವನು ಬಾಗಿಲ ಪಕ್ಕದ ಗೂಡಿಗೆ ಕೈಹಾಕಿ ಒಂದು ಜೊತೆ ರಬ್ಬರ್ ಚಪ್ಪಲಿ ತೆಗೆದು ಅವಳ ಮುಂದಿಟ್ಟ. ಒಳಗೆ ಹಾಕಿಕೊಳ್ಳುವಂಥದ್ದು. ಹೊಸದು, ಚಿಕ್ಕದು, ಅವನ ಕಾಲಿನ ಅರ್ಧವೂ ಇಲ್ಲ. ಮೇಲೆ ತೆಳ್ಳಗೆ ಧೂಳು ಕೂತಿತ್ತು.

ಅವಳು ಕಾಲು ತೂರಿಸಿದಳು. ಅಳತೆ ಕೊಟ್ಟು ಮಾಡಿಸಿದಂತಿತ್ತು.

"ಇದು ಯಾರದ್ದು?"

"ಗೆರೆ ಹತ್ತಿರ ನಿಮ್ಮ ಗಂಬೂಟಿನ ಒದ್ದೆ ಗುರುತು ಬಿದ್ದಿರ್ತಿತ್ತಲ್ಲ, ಬಂದಾಗೆಲ್ಲಾ ನೋಡ್ತಿದ್ದೆ," ಎಂದ ಅವನು, ನೆಲ ನೋಡುತ್ತ. "ಒಂದಲ್ಲ ಒಂದು ದಿನ ಬರ್ತೀರಿ ಅಂತ ತಂದಿಟ್ಟಿದ್ದೆ. ಬರಲ್ಲ ಅನ್ನಿಸಿದ್ಮೇಲೂ ಗಾಡಿಗೆ ಹಾಕೋಕೆ ಮನಸ್ಸು ಬರಲಿಲ್ಲ."

ಅವಳು ಬಾಗಿಲು ದಾಟಿ ಒಳಗೆ ಬಂದಳು. ನಿಲ್ಲದೆ ಅವನ ಎದೆಯವರೆಗೂ ಬಂದಳು. ಅಂಗಿಗೆ ಹಣೆ ಇಟ್ಟು ಉಸಿರೆಳೆದುಕೊಂಡಳು. ಒದ್ದೆ ಹುಲ್ಲು, ಸುಣ್ಣ, ಅದರ ಅಡಿಯಲ್ಲಿ ತೀರಾ ಸಣ್ಣಗೆ ತನ್ನದೇ ಬಾರ್ಲಿಯ ಸಿಹಿ.

"ನಾನು ನಿನ್ನ ಬಿಟ್ಟಿರೋಕಾಗಲ್ಲ ಕಣೋ," ಎಂದಳು ಅಂಗಿಯೊಳಗೇ. 'ನೀವು' ಎಲ್ಲಿ ಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ.

"ನಿನ್ನ ಬಟ್ಟೆಯೆಲ್ಲಾ ಧೂಳಾಯ್ತು," ಎಂದ ಅವನು. ಆದರೆ ಕೈ ಸಡಿಲಿಸಲಿಲ್ಲ.

ಗಾಡಿಯಲ್ಲಿದ್ದುದನ್ನೆಲ್ಲ ಮತ್ತೆ ಇಳಿಸಿ, ಸ್ಟ್ಯಾಂಡುಗಳನ್ನು ಮತ್ತೆ ಜೋಡಿಸುವಷ್ಟರಲ್ಲಿ ಸಂಜೆಯಾಯಿತು. ಗಾಡಿಯವನು ಗೊಣಗಿದ, ಅವಳು ಬಿಯರ್ ಕೊಡುತ್ತೇನೆಂದ ಮೇಲೆ ಅವನೂ ಒಂದು ಕೈ ಹಚ್ಚಿದ. ಆಮೇಲೆ ಇಬ್ಬರೂ ಮೂರು ಬೀದಿ ನಡೆದು ಐಸ್ ಫ್ಯಾಕ್ಟರಿಗೆ ಬಂದರು. ಅವಳ ಕೂದಲು, ಕೆನ್ನೆ, ಹುಬ್ಬು ಎಲ್ಲ ಬೆಳ್ಳಗಾಗಿದ್ದವು. ಮಾತಿನ ಗುಂಗಿನಲ್ಲಿ ಬಾಗಿಲು ದಾಟಿದ್ದೂ ತಿಳಿಯಲಿಲ್ಲ.

ನೀರು ತಳ್ಳುವ ಕೋಲು ಹಿಡಿದ ಚಿಕ್ಕಮ್ಮ ಒಳಗಿನಿಂದ ಓಡಿ ಬಂದಳು.

"ಹೊರಗೆ! ಹೊರಗೆ! ಇಬ್ರೂ ಹೊರಗೆ ನಡೀರಿ!"

ತನ್ನದೇ ಬ್ರೂವರಿಯ ಹಳದಿ ಗೆರೆಯ ಆಚೆ, ಅವನ ಪಕ್ಕದಲ್ಲಿ, ಬ್ರೂವರಮ್ಮ ಎರಡೂ ಕೈ ಮೇಲೆತ್ತಿ ನಿಂತು ನಗುತ್ತಿದ್ದಳು.