ಬುತ್ತಿ ಮುಗಿಯುವ ತನಕ

ಯಾವ ಕಾಲದ ಮಾತೋ ಏನೋ, ಅಂಬಲಿಪುರ ಅಂತ ಒಂದು ರಾಜ್ಯವಿತ್ತು. ಹೊಸ್ತಿಲಿಗೆ ಬಂದವರಿಗೆ ಮೊದಲು ಊಟ, ಆಮೇಲೆ ಹೆಸರು ಕೇಳುವುದು ಅಲ್ಲಿನ ಪದ್ಧತಿ. ಬಡಿಸಿದ್ದನ್ನು ಉಣ್ಣದವರ ಕಾಲನ್ನು ಆ ನೆಲ ಬಿಡುತ್ತಲೇ ಇರಲಿಲ್ಲ. ಪಾಪ, ಹೊಟ್ಟೆ ತುಂಬಿದವರೂ ಬೆವರುತ್ತಾ ಉಣ್ಣುತ್ತಿದ್ದರು.

ಅಲ್ಲಿನ ರಾಜಕುಮಾರಿ ನಾಗಲೆ. ಅವಳ ಅಣ್ಣ ಬೊಮ್ಮರಸನನ್ನು ಮಸಿಗಣ್ಣ ಎಂಬ ಮಾಂತ್ರಿಕ ಅಂಗಳದಲ್ಲೇ ಕಲ್ಲು ಮಾಡಿ ಹೋಗಿದ್ದ. ಆ ಕಲ್ಲು ಬೆರಳ ತುದಿಯಿಂದ ಪುಡಿಪುಡಿಯಾಗಿ ಉದುರುತ್ತಿತ್ತು. ನಾಗಲೆ ದಿನಾ ಪುಡಿ ಗುಡಿಸಿ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಪೂರ್ತಿ ಉದುರಿದರೆ ಅಣ್ಣ ಇಲ್ಲ.

ಅವಳ ಅಳು ಕೇಳಲಾರದೆ ಕೊಳದ ಮುದಿ ಆಮೆ ದಡಕ್ಕೆ ಬಂದು ಮೂರು ಬೀಜ ಉಗುಳಿತು.

"ಇದರ ಹೂವನ್ನು ಕಲ್ಲಿಗೆ ಮುಟ್ಟಿಸು, ನಿನ್ನಣ್ಣ ಏಳುತ್ತಾನೆ. ಆದರೆ ಬೀಜ ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬಂದಿರುತ್ತದೆ. ಅದು ಮುಗಿಯುವ ತನಕ ನೀರು ಬಿಟ್ಟು ಏನೂ ಕೊಡಬೇಡ. ಮುಗಿದ ಮೇಲೆ ತಡಮಾಡಬೇಡ."

"ಮುಗಿಯಿತು ಅಂತ ಗೊತ್ತಾಗುವುದು ಹೇಗೆ?" ಅಂದಳು ನಾಗಲೆ.

"ಮೊದಲು ಬರುವ ಜೋಡಿ ಎಲೆ ಬುತ್ತಿಯ ಗಂಟು. ಆಮೇಲೆ ಬರುವುದು ಗಿಡದ ಸ್ವಂತ ಎಲೆ," ಎಂದು ಆಮೆ ಮುಳುಗಿತು.

ಕುಂಡದಲ್ಲಿ ಊರಿದ ಮೊದಲ ಬೀಜ ಮೊಳೆಯಿತು. ಮಸಿಗಣ್ಣ ಗೊಬ್ಬರ ಮಾರುವವನ ವೇಷದಲ್ಲಿ ಕರಿ ಗಡಿಗೆ ಹೊತ್ತು ಬಂದ. "ಮನೆಗೆ ಬಂದ ಕೂಸನ್ನು ಉಪವಾಸ ಕೆಡವಿದ್ದೀಯಲ್ಲ. ಅಂಬಲಿಪುರದ ಮಗಳೇನೇ ನೀನು?" ನಾಗಲೆಗೆ ನಾಚಿಕೆಯಾಯಿತು. ಅವನು ಬಿಟ್ಟುಹೋದ ಗಡಿಗೆಯಿಂದ ಗೊಬ್ಬರದ ರಸ ಸುರಿದಳು. ಸಂಜೆಯೊಳಗೆ ಮೊಳಕೆ ಕರಕಲಾಯಿತು.

ಎರಡನೆಯ ಬೀಜಕ್ಕೆ ಜೋಡಿ ಎಲೆ ಬಂತು. ಅಣ್ಣನ ಮೊಣಕೈ ಉದುರುತ್ತಿತ್ತು. ಮಸಿಗಣ್ಣ ವೈದ್ಯನ ವೇಷದಲ್ಲಿ ಬಂದು ನಾಡಿ ಹಿಡಿದವನಂತೆ ಗಿಡದ ಕಾಂಡ ಹಿಡಿದ. "ಎರಡೇ ಎಲೆಗೆ ನಿಂತುಬಿಟ್ಟಿದೆ. ಆ ಗಡಿಗೆಯ ರಸ ಒಂದೇ ಒಂದು ಹನಿ ಬಿಡು." ಅವಳು ಬಿಟ್ಟಳು. ಒಂದು ಹನಿ ಅಂತ ಶುರುಮಾಡಿದವರು ಒಂದಕ್ಕೆ ಎಲ್ಲಿ ನಿಲ್ಲಿಸುತ್ತಾರೆ ಹೇಳಿ. ಗಿಡ ತಲೆ ಬಾಗಿಸಿ ಸತ್ತಿತು.

ಉಳಿದದ್ದು ಒಂದೇ ಬೀಜ. ನಾಗಲೆ ಕುಂಡದ ಪಕ್ಕದಿಂದ ಏಳಲೇ ಇಲ್ಲ. ಜೋಡಿ ಎಲೆ ಬಂತು, ಆಮೇಲೆ ಹಳದಿಗೆ ತಿರುಗಿತು. ಅವಳ ಜೀವ ಬಾಯಿಗೆ ಬಂತು. ಅಡುಗೆಯವರು ಬಂದರು, ದಾಸಿಯರು ಬಂದರು, ಮಹಾರಾಣಿಯೂ ಬಂದು, "ಸಾಯುತ್ತಿದೆ ಕಣೇ, ಏನಾದರೂ ಹಾಕೇ," ಅಂದಳು. ನಾಗಲೆಯ ಕೈ ತಾನಾಗಿ ಗಡಿಗೆಯತ್ತ ಹೋಗುತ್ತಿತ್ತು. ಕಡೆಗೆ ತನ್ನ ಕೈಗಳ ಮೇಲೆ ತಾನೇ ಕೂತಳು.

ಹಳದಿ ಎಲೆಗಳ ನಡುವಿನಿಂದ ಗರಗಸದಂಥ ಅಂಚಿನ ಪುಟ್ಟ ಎಲೆ ಬಂತು. ಬೆನ್ನಿಗೇ ಇನ್ನೊಂದು ಬಂತು. ಹಳೆಯ ಜೋಡಿ ಒಣಗಿ ಬಿತ್ತು.

ಆಗ ಮಸಿಗಣ್ಣ ಅಜ್ಜಿಯ ವೇಷದಲ್ಲಿ ಬಂದ. "ಈಗ ಬುದ್ಧಿ ಕಲಿತೆ ನೋಡು. ಕೊಟ್ಟೇ ಎರಡು ಗಿಡ ಕೊಂದೆ. ಇನ್ನು ಯಾವತ್ತೂ ಏನೂ ಕೊಡಬೇಡ."

ನಾಗಲೆಗೆ ಹಾಯೆನಿಸಿತು. ಕೊಡದಿದ್ದರೆ ತಪ್ಪೇ ಆಗುವುದಿಲ್ಲವಲ್ಲ. ಆದರೆ ಒಣಗಿ ಬಿದ್ದ ಎಲೆಗಳ ಮೇಲೆ ಕಣ್ಣು ಹೋಯಿತು. ಬುತ್ತಿಯ ಗಂಟು ಖಾಲಿ. ಹೊಸ ಎಲೆಗಳೂ ಬಿಳಿಚಿಕೊಳ್ಳುತ್ತಿದ್ದವು, ಅಣ್ಣನ ಭುಜ ಅರ್ಧ ಹೋಗಿತ್ತು.

ಗಡಿಗೆಯಿಂದ ಒಂದು ಚಮಚ ರಸ ತೆಗೆದು ಒಂದು ಕೊಡ ನೀರಿಗೆ ಬೆರೆಸಿದಳು. ಅಂಬಲಿಗಿಂತ ತೆಳ್ಳಗಾದ ಮೇಲೆ ಬುಡಕ್ಕೆ ಸ್ವಲ್ಪವೇ ಹನಿಸಿದಳು. ಗಿಡ ಸರಸರ ಎದ್ದು ನಿಂತು ಕೆಂಪು ಹೂ ಬಿಟ್ಟಿತು.

ಅಜ್ಜಿಯ ಕಣ್ಣು ಮಸಿಯಂತೆ ಕಪ್ಪಾಗಿ, ಅವಳು ಬಾಗಿಲತ್ತ ಸರಿಯುವುದನ್ನು ನಾಗಲೆ ಕಂಡಳು. ಇವನು ಮಸಿಗಣ್ಣನೇ ಅಂತ ಹೊಳೆಯಿತು.

"ಹೊಸ್ತಿಲಿಗೆ ಬಂದವರು ಬರಿ ಹೊಟ್ಟೆಯಲ್ಲಿ ಹೋಗಬಾರದು," ಎಂದು ಕರಿ ಗಡಿಗೆಯನ್ನೇ ಮುಂದಿಟ್ಟಳು.

ಮಸಿಗಣ್ಣ ಬೇಡ ಅಂದ. ನೆಲ ಅವನ ಕಾಲು ಹಿಡಿದುಕೊಂಡಿತು. ಬೇರೆ ದಾರಿಯಿಲ್ಲದೆ ಕುಡಿದ. ಅಲ್ಲೇ ಒಣಗಿ ಕಡ್ಡಿಯಾದ, ದಾಸಿಯರು ಗುಡಿಸಿ ಹಾಕಿದರು.

ನಾಗಲೆ ಹೂವನ್ನು ಕಲ್ಲಿಗೆ ಮುಟ್ಟಿಸಿದಳು. ಸೆರಗಿನ ಪುಡಿ ಹಾರಿ ಬೆರಳಾಯಿತು, ತೋಳಾಯಿತು, ಭುಜವಾಯಿತು. ಎಲ್ಲರೂ ಅಂದಿನಿಂದ ನೆಮ್ಮದಿಯಾಗಿ ಬಾಳಿದರು. ಅಂಬಲಿಪುರದವರು ಈಗಲೂ ಬಡಿಸುವ ಮೊದಲು ಕೇಳುತ್ತಾರಂತೆ, "ತಂದ ಬುತ್ತಿ ಮುಗಿಯಿತೇ?" ಅಂತ.

ಅವತ್ತು ಮಾತ್ರ ನಾಗಲೆ ಕೇಳಲಿಲ್ಲ. ಬೊಮ್ಮರಸ ಕಣ್ಣು ಬಿಟ್ಟು, "ಹಸಿವು ಕಣೇ," ಅಂದ. ಅಷ್ಟರಲ್ಲಿ ಅವಳು ಎಲೆ ಹಾಸಿಯಾಗಿತ್ತು.