ಒಂಬತ್ತು ಮಂದಿಗೆ ಒಂದೇ ರಕ್ತ

ಗಾದಿಗನೂರಿನ ಹಮಾಲರಿಗೆ ಕುದುರೆಯ ಹೃದಯವಿದೆ ಎಂದು ಡಾಕ್ಟರ್ ಅಕ್ಷೋಭ್ಯ ಕಂಡುಹಿಡಿದ ಬೆಳಿಗ್ಗೆ ಗಂಗೋತ್ರಿಗೆ ನಗು ತಡೆಯಲಾಗಲಿಲ್ಲ.

ಹೊಸಪೇಟೆಯ ಲ್ಯಾಬಿನಲ್ಲಿ ಅವಳು ಟೆಕ್ನಿಷಿಯನ್, ಅವನು ಸಂಶೋಧಕ. ಸಕ್ಕರೆ ಕಾಯಿಲೆ ಹೃದಯವನ್ನು ಹೇಗೆ ತಿನ್ನುತ್ತದೆ ಎಂದು ಅದಿರು ಹಮಾಲರಲ್ಲಿ ಹುಡುಕುವ ಕೆಲಸ. ವ್ಯಾನು, ಪರೀಕ್ಷೆಯ ಕಿಟ್ಟು, ಇಬ್ಬರ ಸಂಬಳ ಎಲ್ಲವೂ ಒಂದು ಗಣಿ ಕಂಪನಿಯ ಕೃಪೆ.

"ನೋಡ್ರಿ ಗಂಗೋತ್ರಿ," ಅವನು ಬಣ್ಣದ ಪೋಸ್ಟರನ್ನು ಮೇಜಿನ ಮೇಲೆ ಬಿಡಿಸಿದ. "ಒಂಬತ್ತು ಜನ. ಇಪ್ಪತ್ತು ವರ್ಷ ಅದಿರು ಹೊತ್ತವರು. ಬರಿಹೊಟ್ಟಿ ಶುಗರ್ ಎಂಬತ್ನಾಲ್ಕು, ಎಂಬತ್ತೈದು, ಎಂಬತ್ನಾಲ್ಕು. ಇಸಿಜಿ ಅಂತೂ ಚಿತ್ರ ಬರದಂಗ ಅದ. ಕೆಲಸ ಬಿಟ್ಟ ಏಳು ಮಂದಿಗೆ ಕಾಯಿಲೆ, ಕೆಲಸದಾಗ ಇರೋರಿಗೆ ಇಲ್ಲ. ಅಂದ್ರ ಏನಾತು?"

"ಏನಾತ್ರಿ?"

"ದುಡಿಮೆಯೇ ಮದ್ದು!"

ಅವಳು ತುಟಿ ಕಚ್ಚಿದಳು. ಅವನ ಕಣ್ಣು ಆ ತುಟಿಯ ಮೇಲೆ ಒಂದು ಗಳಿಗೆ ನಿಂತು, ಸಿಕ್ಕಿಬಿದ್ದ ಕಳ್ಳನ ಹಾಗೆ ಪೋಸ್ಟರಿಗೆ ಓಡಿತು. ಕಿವಿ ಕೆಂಪಾದವು.

"ನಗಾಕತ್ತೀರಿ."

"ಇಲ್ರಿ ಸರ್, ಆನಂದ. ಎಲ್ಲಾರ್ದೂ ಒಂದ ನಮೂನಿ ಐತಲ್ಲ, ನಿಮಗ ಅನುಮಾನ ಬರ್ಲಿಲ್ಲೇನು?"

"ಒಂದೇ ಊಟ, ಒಂದೇ ಕೆಲಸ. ರಕ್ತನೂ ಒಂದೇ ಥರ ಆಗ್ತದ."

ಹೊರಗಿನಿಂದ ಹಮಾಲರೆಲ್ಲ ಒಂದೇ ಥರ ಕಾಣುವವನಿಗೆ ಒಳಗಿನ ರಕ್ತ ಬೇರೆ ಬೇರೆ ಕಂಡೀತೇ?

ಸತ್ಯ ಇಷ್ಟೇ. ಅದು ಒಂದೇ ರಕ್ತ. ಗರಡಿಯ ಪೈಲ್ವಾನ ಯಲ್ಲೇಶನದು.

ರೈಲಿಗೆ ಅದಿರು ತುಂಬುವ ಸೈಡಿಂಗಿನಲ್ಲಿ ಬದಲಿ ಎನ್ನುವುದು ಅಪ್ಪಂದಿರ ಕಾಲದ ಪದ್ಧತಿ. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಅವನ ಹೆಸರಿನಲ್ಲಿ ಹಾಜರಿಯ ಕೂಗಿಗೆ ಓಗೊಟ್ಟು ವ್ಯಾಗನ್ ತುಂಬುತ್ತಾನೆ. ಮೊದಲ ಸುತ್ತಿನ ಪರೀಕ್ಷೆಯಲ್ಲಿ ಏಳು ಜನರಿಗೆ ಸಕ್ಕರೆ ಸಿಕ್ಕಿತು. ಅಕ್ಷೋಭ್ಯ ಶಿಸ್ತಾಗಿ ಹೆಸರುಗಳ ಸಮೇತ ಒಂದು ಪ್ರತಿಯನ್ನು ಕಂಪನಿಗೆ ಕಳಿಸಿದ. ಮರುವಾರ ಆ ಏಳು ಜನರಿಗೆ "ರೆಸ್ಟ್ ತಗೋರಿ" ಎಂಬ ಅಪ್ಪಣೆಯಾಯಿತು. ಆ ರೆಸ್ಟು ಇನ್ನೂ ಮುಗಿದಿಲ್ಲ. ಎರಡನೇ ಸುತ್ತಿಗೆ ವ್ಯಾನು ಬಂದಾಗ ಇನ್ನೂ ಪರೀಕ್ಷೆಯಾಗದೆ ಉಳಿದವರ ಪೈಕಿ ಒಂಬತ್ತು ಮಂದಿ ಬದಲಿ ಕಳಿಸಿದರು. ಮೂರು ಬೆಳಿಗ್ಗೆ, ಎರಡೂ ತೋಳು, ಒಬ್ಬನೇ ಯಲ್ಲೇಶ. "ಅಕ್ಕಾ, ಇನ್ನೊಂದು ಹೆಸರು ಐತೇನು? ತತ್ತಿ ತಿಂದು ಬಂದೇನಿ," ಎಂದು ಅವನು ಕಣ್ಣು ಹೊಡೆದ. "ಬರಿಹೊಟ್ಟೀಲೆ ಬಾ ಅಂದಿದ್ನೆಲ್ಲೋ ಮಂಗ್ಯಾ!" ಎಂದು ಬೈದು ಗಂಗೋತ್ರಿ ಅವನನ್ನು ಮರುದಿನ ಬರಹೇಳಿದಳು. ಆ ಒಂಬತ್ತರಲ್ಲಿ ಒಂದು ಹೆಸರು ಅವಳ ಅಪ್ಪ ಪಾಲಯ್ಯನದು.

ಅಷ್ಟು ಹೊತ್ತೂ ಡಾಕ್ಟರು ವ್ಯಾನಿನ ಮುಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಹಿಂಬದಿಯ ಬಟ್ಟೆಯ ಪರದೆಯಾಚೆ ಯಾರು ಬಂದರು, ಯಾರು ಹೋದರು, ಅವನಿಗೇನು? ಹಿಂತಿರುಗುವಾಗ ಮಾತ್ರ ಸ್ಯಾಂಪಲ್ ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ಪ್ರತಿ ಗುಂಡಿಗೂ ಎರಡು ಕೈಯಲ್ಲಿ ಅಪ್ಪಿ ಹಿಡಿದ. ಆ ಕೈಗಳನ್ನು ಅವಳು ನೋಡಿದ್ದಳು. ಚೆಂದದ ಕೈಗಳು. ರಕ್ತದ ಮೇಲಿನ ಅಕ್ಕರೆಯಲ್ಲಿ ಒಂದು ತೊಟ್ಟು ರಕ್ತ ಕೊಟ್ಟವರ ಮೇಲಿದ್ದರೆ ಎಂದುಕೊಂಡಿದ್ದಳು; ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೇ ಅಸಹ್ಯಪಟ್ಟಿದ್ದಳು.

ಏಕೆಂದರೆ ಅವನ ಏಕಾದಶಿ ಅವಳಿಗೆ ನೆನಪಿತ್ತು. ಮೊದಲ ಸುತ್ತಿನ ದಿನ ಅವಳ ಮನೆಯ ಕಟ್ಟೆಯಲ್ಲಿ ಕೂತಾಗ ಅಪ್ಪ ತಂಬಿಗೆಯಲ್ಲಿ ನೀರು ತಂದ. ಅಕ್ಷೋಭ್ಯ ಕೈ ಮುಗಿದು, "ಇವತ್ತು ಏಕಾದಶಿ, ನೀರೂ ಮುಟ್ಟಂಗಿಲ್ಲ," ಎಂದ. ಸಂಜೆ ಗಂಗೋತ್ರಿ ಗೋಡೆಯ ಕ್ಯಾಲೆಂಡರ್ ನೋಡಿದಳು. ಅಂದು ಚೌತಿ.

ಪೋಸ್ಟರನ್ನು ಹಂಪಿ ರಸ್ತೆಯ ರೆಸಾರ್ಟಿನಲ್ಲಿ ಶನಿವಾರ ಮಂಡಿಸುವುದಿತ್ತು. ಹೊಟ್ಟೆ ಮುಂದೆ ಬಂದ ದೊಡ್ಡವರೆಲ್ಲ ಎಸಿ ಹಾಲಿನಲ್ಲಿ ಕೂತು, ದುಡಿಮೆಯೇ ಮದ್ದು ಎಂದು ತಲೆದೂಗಿ, ಎರಡೆರಡು ಹೋಳಿಗೆ ತಿಂದು ಏಳುವ ಕಾರ್ಯಕ್ರಮ.

ಗುರುವಾರ ಬೆಳಿಗ್ಗೆ ಯಲ್ಲೇಶನ ಫೋನು ಬಂತು. "ಅಕ್ಕಾ, ಪಾಲಯ್ಯ ಕಾಕಾ ಸೈಡಿಂಗಿನ್ಯಾಗ ಕುಸುದು ಕುಂತಾನ. ಜಲ್ದಿ ಆಟೋದಾಗ ಲ್ಯಾಬಿಗೆ ಕರ್ಕಂಡು ಬರಾಕತ್ತೀನಿ."

ಪಾಲಯ್ಯನ ಬಲಗಾಲಿನ ಕಿರುಬೆರಳು ಕಪ್ಪಾಗಿತ್ತು. ಬಟ್ಟೆ ಸುತ್ತಿ, ಮೇಲೆ ಬೂಟು ಹಾಕಿ ಮಗಳಿಂದಲೂ ಬಚ್ಚಿಟ್ಟಿದ್ದ. ಸಕ್ಕರೆಗೆ ಅವಳು ತಂದುಕೊಟ್ಟ ಮಾತ್ರೆಗಳನ್ನು ನುಂಗಿದ್ದೇನೆ ಎಂದು ಸುಳ್ಳು ಹೇಳಿ ಗೋಡೆಯ ಗೂಡಿನಲ್ಲಿ ಕೂಡಿಹಾಕಿದ್ದ.

"ನಿಮ್ಮ ತಂದಿದು ನಾರ್ಮಲ್ ಅದಲ್ರಿ," ಅಕ್ಷೋಭ್ಯ ರಿಪೋರ್ಟು ತೆಗೆದ. "ಎಂಬತ್ನಾಲ್ಕು."

"ಕಾಗದ ಬಿಡ್ರಿ. ಬೆರಳು ಚುಚ್ರಿ."

ಯಂತ್ರ ನಾನೂರ ಹನ್ನೆರಡು ತೋರಿಸಿತು. ಮಷೀನ್ ಕೆಟ್ಟಿದೆ ಎಂದು ಇನ್ನೊಮ್ಮೆ ಚುಚ್ಚಿದ. ನಾನೂರ ಒಂಬತ್ತು. ಇಸಿಜಿಯ ಕಾಗದ ಹೊರಬಂದಾಗ ಅವನ ಮುಖ ಬಿಳಚಿತು. ಯಾವಾಗಲೋ ಸದ್ದಿಲ್ಲದೆ ಬಂದು ಹೋದ ಹೃದಯಾಘಾತದ ಗುರುತು. ಸಕ್ಕರೆ ಇದ್ದವರಿಗೆ ಎದೆನೋವೂ ತಿಳಿಯದೆ ಹೋಗಬಹುದು ಎಂದು ಅವನೇ ಹತ್ತು ಪುಟ ಬರೆದಿದ್ದ. ಬರೆದವನ ಕಣ್ಣಿಗೆ ಅದು ಕುರ್ಚಿಯಲ್ಲಿ ಕೂತು ಬೆವರುವುದು ಇದೇ ಮೊದಲು ಕಂಡದ್ದು.

"ಹಂಗಾದ್ರ ಈ ಎಂಬತ್ನಾಲ್ಕು ಯಾರ್ದು?"

"ನಂದ್ರಿ ಸರ್," ಯಲ್ಲೇಶ ಬಾಗಿಲಲ್ಲಿ ಕೈ ಎತ್ತಿದ. "ಒಂಬತ್ತೂ ನಂದ."

"ನನ್ನ ಡಾಟಾ..."

"ಥೂ!" ಗಂಗೋತ್ರಿಯ ದನಿ ಗಾಜಿನ ಕೊಳವೆಗಳನ್ನು ನಡುಗಿಸಿತು. "ನಮ್ಮಪ್ಪನ ಕಾಲು ಇಲ್ಲಿ ಕೊಳಿಯಾಕತ್ತೈತಿ, ನೀವು ಡಾಟಾ ಅಂತೀರಿ. ಬದಲಿ ರಕ್ತ ಎಳದಾಕಿ ನಾನ. ಯಾಕ ಅಂತ ಕೇಳ್ರಿ. ಆ ಏಳು ಮಂದಿ ಕೆಲಸ ಬಿಟ್ಟೋರಲ್ಲ. ನಿಮ್ಮ ಲಿಸ್ಟ್ ನೋಡಿ ಬಿಡಿಸ್ಯಾರ. ದುಡಿಮೆಯೇ ಮದ್ದಂತ! ಆ ಮದ್ದು ಕಸಗೊಂಡೋರು ನೀವ!"

"ಅವರ ಒಳ್ಳೇದಕ್ಕಂತ ಕಳಿಸಿದ್ದೆ," ಎಂದ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ನೆಲಕ್ಕೆ ಮೊಣಕಾಲೂರಿ, ಪಾಲಯ್ಯನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತೊಳೆದ, ಔಷಧ ಹಚ್ಚಿ ಕಟ್ಟಿದ. ಇದಕ್ಕೆ ಪದಕ ಬೇಕಿಲ್ಲ. ಡಾಕ್ಟರನ ಕೆಲಸವೇ ಅದು. ಆದರೆ ಡಬ್ಬಿ ಅಪ್ಪಿದ್ದ ಅದೇ ಕೈಗಳು ಇಂದು ಅಪ್ಪನ ಹಿಮ್ಮಡಿ ಹಿಡಿದಿದ್ದವು. ಗಂಗೋತ್ರಿ ಮುಖ ತಿರುಗಿಸಿದಳು. ಆಸ್ಪತ್ರೆಗೆ ಅವನೇ ಜೊತೆಗೆ ಬಂದ. ಬೆರಳು ಹೋಯಿತು, ಕಾಲು ಉಳಿಯಿತು.

ಶುಕ್ರವಾರ ಬೆಳಿಗ್ಗೆ ವಾರ್ಡಿನ ಹೊರಗೆ ಅವನು ಒಂದು ದಪ್ಪ ರಿಜಿಸ್ಟರನ್ನು ಅವಳ ಮಡಿಲಿಗಿಟ್ಟ. ಎರಡನೇ ಸುತ್ತಿನಲ್ಲಿ ಯಾವ ನಂಬರು ಯಾವ ಹೆಸರಿಗೆ ಎಂದು ಬರೆದ ಒಂದೇ ಪ್ರತಿ.

"ಇದು ನಿಮ್ಮ ಹತ್ರ ಇರ್ಲಿ. ನನ್ನ ಹತ್ರ ಇದ್ರ ನಾಳೆ ಕೇಳ್ತಾರ, ಕೊಟ್ಟೇಬಿಡ್ತೀನಿ. ನಾನು ಅಂಜುಬುರುಕ."

"ಗೊತ್ತೈತ್ರಿ."

"ಗೊತ್ತಿದ್ದೂ ಇಷ್ಟು ದಿನ ಮಾತಾಡಿಸಿದ್ರಿ?"

ಅವಳು ರಿಜಿಸ್ಟರನ್ನು ಚೀಲಕ್ಕೆ ಸೇರಿಸಿದಳು. ಗಂಡಸರು ಹೆಣ್ಣಿಗೆ ಹೂವು ಕೊಡುತ್ತಾರೆ, ಉಂಗುರ ಕೊಡುತ್ತಾರೆ. ಇವನು ತನ್ನ ಹೇಡಿತನದ ಕೀಲಿಕೈ ಕೊಟ್ಟಿದ್ದ.

ಶನಿವಾರ ಅವಳು ರೆಸಾರ್ಟಿನ ಸಭಾಂಗಣದ ಹಿಂಬದಿಯಲ್ಲಿ ನಿಂತು ನೋಡಿದಳು. ಪೋಸ್ಟರಿನ ಜಾಗ ಖಾಲಿಯಿತ್ತು. "ನನ್ನ ಪೋಸ್ಟರಿನಾಗಿದ್ದ ಒಂಬತ್ತು ಆರೋಗ್ಯವಂತ ಹೃದಯಗಳು ಒಬ್ಬನೇ ಪೈಲ್ವಾನಂದು," ಅಕ್ಷೋಭ್ಯ ಮೈಕಿನಲ್ಲಿ ಹೇಳಿದ. "ಕೆಲಸ ಕಳಕೊಳ್ಳೋ ಹೆದರಿಕಿಗೆ ಉಳಿದೋರು ರಕ್ತ ಮುಚ್ಚಿಟ್ಟಾರ. ಆ ಹೆದರಿಕಿ ಹುಟ್ಟಿಸಿದ ತಪ್ಪು ನಂದು."

ಹೋಳಿಗೆಯ ವಾಸನೆಯ ನಡುವೆ ಕಂಪನಿಯ ವಿಜಯಕುಮಾರ್ ಎದ್ದು ನಿಂತ. "ಡಾಕ್ಟರೇ, ಹೆಸರು ಕೊಡಿ. ಅವರ ವೆಲ್ಫೇರ್ ನಾವು ನೋಡ್ಕೋತೀವಿ."

"ಏಳು ಮಂದಿದು ನೋಡ್ಕೊಂಡೀರಲ್ಲ, ಸಾಕು. ಅವರನ್ನ ವಾಪಸ್ ತಗೋರಿ, ಆಮ್ಯಾಲೆ ಮಾತಾಡೋಣ. ನನ್ನ ಹತ್ರ ನಂಬರ್ ಅದಾವ. ಹೆಸರಿಲ್ಲ."

ಅವನ ಕಾಲು ನಡುಗುತ್ತಿದ್ದುದು ಹಿಂದಿನ ಸಾಲಿಗೂ ಕಂಡಿತು. ನಡುಗುತ್ತಲೇ ನಿಂತಿದ್ದ. ಗಂಗೋತ್ರಿಯ ಎದೆ ಬಡಿದ ರೀತಿಗೆ ಯಾವ ಇಸಿಜಿಯೂ ಸುಂದರ ಚಿತ್ರ ಬರೆಯುತ್ತಿರಲಿಲ್ಲ.

ಸಂಜೆಯೊಳಗೆ ವ್ಯಾನು ಹೋಯಿತು, ಇಬ್ಬರ ಕೆಲಸವೂ ಹೋಯಿತು.

ಎರಡು ವಾರದ ನಂತರ ಒಂದು ಬೆಳಿಗ್ಗೆ ಅವನು ಬಸ್ಸಿನಲ್ಲಿ ಗಾದಿಗನೂರಿಗೆ ಬಂದ. ಹೆಗಲಲ್ಲಿ ಚೀಲ, ಅದರಲ್ಲಿ ಸ್ವಂತದ ಯಂತ್ರ. ಬೇವಿನ ಕೆಳಗೆ ಕೂತು ಒಬ್ಬೊಬ್ಬರ ಮುಖ ನೋಡಿ, ಹೆಸರು ಕೇಳಿ, ಚೀಟಿಯನ್ನು ಅವರವರ ಕೈಗೇ ಕೊಟ್ಟ. ಗಂಗೋತ್ರಿ ಬೆರಳು ಚುಚ್ಚಿದಳು. ಮೊದಲ ಏಳು ಜನರೂ ಬಂದಿದ್ದರು. ಅವರಲ್ಲಿ ಇಬ್ಬರು ಅವನ ಕಡೆ ನೋಡಲೂ ಇಲ್ಲ. ಸರಿಯೇ.

ಬಿಸಿಲೇರಿದಾಗ ಅವಳು ತಟ್ಟೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಜೊತೆಗೆ ತಂಬಿಗೆಯಲ್ಲಿ ನೀರು ತಂದಳು.

"ಇವತ್ತೂ ಏಕಾದಶಿ ಏನ್ರಿ?"

ಅವನು ತಲೆತಗ್ಗಿಸಿದ. ಚೌತಿ ಇವಳಿಗೆ ಗೊತ್ತಿತ್ತು ಎಂಬುದು ಅವನಿಗೆ ಈಗ ಗೊತ್ತಾಯಿತು. "ಇವತ್ತು ಖರೇನ ಏಕಾದಶಿ ರಿ," ಎಂದು ತಂಬಿಗೆ ಎತ್ತಿ ಗಟಗಟ ಕುಡಿದ. ರೊಟ್ಟಿ ಮುರಿದ.

"ಪುಣ್ಯ ಹೋತಲ್ರಿ."

"ಹೋಗ್ಲಿ. ಗಂಗೋತ್ರಿ, ಒಂದು ಮಾತು. ನಿಮ್ಮ ತಂದಿ ಹತ್ರ ನಿಮ್ಮನ್ನ ಕೇಳೋದು... ನನಗ ಧೈರ್ಯ ಸಾಲ್ದು. ಯಲ್ಲೇಶಗ ಹೇಳೀನಿ, ನನ್ನ ಪರವಾಗಿ ಅವನ ಕೇಳ್ತಾನ."

ಅವಳ ಕಣ್ಣಲ್ಲಿ ಹಳೆಯ ತಿರಸ್ಕಾರ ಮಿಂಚಿತು. ಅದರ ಬುಡದಲ್ಲಿ ನಗುವಿತ್ತು. ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ ಪಾಲಯ್ಯನ ಕಡೆಗೆ ಗದ್ದ ತೋರಿಸಿದಳು.

"ರಕ್ತಕ್ಕ ಬದಲಿ ನಡೀತು ಡಾಕ್ಟರೇ. ಇದಕ್ಕ ನಡಿಯಂಗಿಲ್ಲ. ಏಳ್ರಿ, ನೀವ ಹೋಗಿ ಕೇಳ್ರಿ."