ಪಕ್ಕದ ಮನೆಯ ವೈಫೈ ಕಳ್ಳ

"ನನ್ನ ಬಾಗಿಲ ಹತ್ರ ಏನ್ರೀ ಮಾಡ್ತಿದ್ದೀರಾ?"

ಅವಳ ದನಿಗೆ ಅವನು ಬೆಚ್ಚಿಬಿದ್ದ. ಕೈಯಲ್ಲಿದ್ದ ಫೋನು ಇನ್ನೂ ಅವಳ ಗೋಡೆಯ ಕಡೆಗೇ ಇತ್ತು.

"ಏನಿಲ್ಲ... ಸಿಗ್ನಲ್ ನೋಡ್ತಿದ್ದೆ."

"ಯಾರ ಸಿಗ್ನಲ್? ನನ್ನ ವೈಫೈದಾ?"

ಅವನು ಸರಸರನೆ ಪಕ್ಕದ ತನ್ನ ಮನೆಯೊಳಗೆ ಸೇರಿಕೊಂಡ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ!

ಮಾತು ತಡವಾದ ಮಕ್ಕಳಿಗೆ ವಿಡಿಯೊ ಕಾಲ್‌ನಲ್ಲಿ ಮಾತು ಕಲಿಸುವುದು ಅವಳ ಕೆಲಸ. ಕಟ್ಟಡಗಳ ನಕ್ಷೆ ಬರೆಯುವ ಇವನು ಪಕ್ಕಕ್ಕೆ ಬಾಡಿಗೆಗೆ ಬಂದಾಗಿನಿಂದ ಅವಳ ಪಾಠಗಳು ನಡುವೆಯೇ ನಿಂತುಹೋಗುತ್ತಿದ್ದವು. ನಿನ್ನೆಯಂತೂ ಒಂದು ಪುಟಾಣಿ ಹುಡುಗಿ ಮೊದಲ ಸಲ ತುಟಿ ಕೂಡಿಸಿ "ಅಮ್..." ಅಂದಿದ್ದಳು. ಅಷ್ಟರಲ್ಲಿ ನೆಟ್ ಹೋಯಿತು! ಮತ್ತೆ ಬರುವಷ್ಟರಲ್ಲಿ ಮಗು ಮುನಿಸಿಕೊಂಡು ಎದ್ದು ಹೋಗಿತ್ತು. ಪರದೆಯ ಮುಂದೆ ಒಬ್ಬಳೇ ಉಳಿದ ಅವಳು ಬಿಕ್ಕಿ ಬಿಕ್ಕಿ ಅತ್ತಿದ್ದಳು.

"ಪಾಸ್‌ವರ್ಡ್ ಬದಲಾಯಿಸೇ," ಎಂದಳು ಅಕ್ಕ ಫೋನಿನಲ್ಲಿ. "ಸಾಧು ಮುಖ ನೋಡಿ ಮೋಸ ಹೋಗ್ಬೇಡ."

ಬದಲಾಯಿಸಿದಳು. ಮರುದಿನದಿಂದ ಪಾಠ ನೀರು ಹರಿದಂತೆ ಸಾಗಿತು. ಅಂದ್ರೆ... ಕದೀತಿದ್ದಿದ್ದು ಅವನೇ!

ಈಗ ಅವನು ಲ್ಯಾಪ್‌ಟಾಪ್ ಹಿಡಿದು ತಾರಸಿಯ ಮೆಟ್ಟಿಲ ಮೇಲೆ ಕೂರುತ್ತಿದ್ದ. ಎದುರಾದರೆ ಮುಗುಳ್ನಗು ಬೇರೆ! ಆ ನಗುವಿಗೆ ತನ್ನೆದೆ ಯಾಕೆ ಡವಡವಗುಟ್ಟಬೇಕು? ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಒಂದು ಸಂಜೆ ಮೆಟ್ಟಿಲೇರಿ ಎದುರಿಗೇ ನಿಂತಳು.

"ಈಗ ಯಾರ ವೈಫೈ ಕದೀತಿದ್ದೀರಾ?"

"ಯಾರದೂ ಅಲ್ಲ. ಫೋನಿನ ನೆಟ್. ಮನೆಯೊಳಗೆ ಟವರ್ ಸಿಗಲ್ಲ."

"ನಿಮ್ಮ ರೌಟರ್ ಏನಾಯ್ತು?"

"ಅದು... ನಿಧಾನ."

"ಸುಳ್ಳು! ತೋರಿಸಿ!"

ಅವನು ಕೆಳಗಿಳಿದು, ತನ್ನ ಮನೆಯ ಬಾಗಿಲು ತೆರೆದು ರೌಟರಿನ ಸೆಟ್ಟಿಂಗ್ ತೋರಿಸಿದ. ಆಟೋ, ಮ್ಯಾನುಯಲ್ ಎಂದು ಎರಡು ಗುಂಡಿಗಳು. ಮ್ಯಾನುಯಲ್ ಆರಿಸಲಾಗಿತ್ತು.

"ಆಟೋ ಬಿಟ್ಟು ಇದ್ಯಾಕೆ?"

"ಆಟೋದಲ್ಲಿಟ್ರೆ ಗದ್ದಲ ಕಡಿಮೆ ಇರೋ ಚಾನೆಲ್ಲನ್ನ, ಅಂದ್ರೆ ವೈಫೈ ಓಡಾಡೋ ದಾರೀನ, ಅದೇ ಹುಡುಕ್ಕೊಳ್ಳುತ್ತೆ. ಇಲ್ಲಿ ಅಂಥದ್ದು ನಿಮ್ಮದೊಂದೇ. ನಂದೂ ಅಲ್ಲೇ ಬಂದು ಕೂತು ನಿಮಗೆ ಅಡ್ಡ ಆಗ್ತಿತ್ತು. ಆವತ್ತು ಬಾಗಿಲ ಹತ್ರ ಅದನ್ನೇ ನೋಡ್ತಿದ್ದೆ. ಆಮೇಲೆ ಮ್ಯಾನುಯಲ್‌ಗೆ ಹಾಕಿ, ಇಡೀ ಬೀದಿ ತುಂಬ್ಕೊಂಡಿರೋ ಚಾನೆಲ್‌ಗೆ ನಂದನ್ನ ಕಳಿಸಿಬಿಟ್ಟೆ. ಅದಕ್ಕೇ ನಂದು ನಿಧಾನ."

ಅವಳು ನಂಬಲಿಲ್ಲ. ತಾನೇ ಆಟೋ ಒತ್ತಿ, ಮನೆಗೆ ಓಡಿ, ಅಕ್ಕನಿಗೆ ವಿಡಿಯೊ ಕಾಲ್ ಮಾಡಿದಳು. ಸ್ವಲ್ಪ ಹೊತ್ತಿನಲ್ಲೇ ನೆಟ್ ತಡೆದು, ಪರದೆಯಲ್ಲಿ ಅಕ್ಕನ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು!

ತಲೆ ತಗ್ಗಿಸಿಕೊಂಡು ಹಿಂತಿರುಗಿದಳು.

"ಯಾಕೆ ಹೇಳ್ಲಿಲ್ಲ?"

"ಗೋಡೆ ತೆಳು... ಆ ಮಗು ದನಿ ಕೇಳಿಸ್ತು. ಆಮೇಲೆ ನೀವು ಅತ್ತಿದ್ದೂ. ಅದು ನನ್ನಿಂದ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?"

ಅವಳ ಕಣ್ಣು ತುಂಬಿ ಬಂತು. "ಕಳ್ಳ ಅಂದುಬಿಟ್ಟೆ... ನಾಳೆಯಿಂದ ನಮ್ಮನೇಲೇ ಕೂತು ಕೆಲಸ ಮಾಡಿ."

ಆ ನಾಳೆಗಳು ತಿಂಗಳುಗಳಾದವು. ಅವನ ನಕ್ಷೆಗಳು ಅವಳ ಮೇಜನ್ನೂ ಆಕ್ರಮಿಸಿದವು. ಒಂದು ಮಧ್ಯಾಹ್ನ ಅವನು ತಲೆ ಎತ್ತದೆ ಕೇಳಿದ:

"ಎರಡು ಮನೆ, ಎರಡು ರೌಟರ್... ಒಂದೇ ಸಾಕಲ್ವಾ?"

ಅವಳು ಹುಬ್ಬೇರಿಸಿದಳು. "ರೌಟರ್ ವಿಷಯಾನೇ ತಾನೇ ಹೇಳ್ತಿರೋದು?"

"ಅಲ್ಲ..."

"ಹಾಗಾದ್ರೆ ಬಾಯ್ಬಿಟ್ಟು ಹೇಳಿ. ನಂಗೆ ಅನುಮಾನ ಜಾಸ್ತಿ."

"ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನೊಂದ್ಸಲ ಹೇಳಿ..."